ಶೀತವೆಂದು ಹೇಳುತ್ತಿದ್ದೆವು

ಹೋದ ವರ್ಷ ಮೂರ್ನಾಡಿನಲ್ಲಿರುವ ನಾದಿನಿ ಲಲಿತೆಯ ಮನೆಗೆ ಹೋಗಿದ್ದವಳು ವಾಪಸು ಬರಲು ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಚಿಕ್ಕ ಪ್ರಾಯದ ತಾಯಿಯೊಬ್ಬಳು, ಅವಳ ಮಡಿಲಲ್ಲಿ ಒಂದು ಮಗು. ಜನರ ಗದ್ದಲದ ನಡುವೆಯೂ ಆ ಮಗುವಿನ ಎದೆಯ ಸದ್ದು ನನ್ನ ಕಿವಿಗೆ ಬಿತ್ತು. ಸಣ್ಣ ಸಂದಿಯಲ್ಲಿ ಗಾಳಿ ನುಗ್ಗಿದಾಗ ಕೇಳಿಸುವಂಥ ಸಿಳ್ಳು. ಎದುರಿಗೆ ನಿಂತಿದ್ದ ಒಬ್ಬರು ತಿರುಗಿ ನೋಡಿದರು. ಆ ತಾಯಿ ಸೆರಗನ್ನು ಮಗುವಿನ ಮುಖದ ಮೇಲೆ ಎಳೆದುಕೊಂಡು, ಯಾರೂ ಏನೂ ಕೇಳದಿದ್ದರೂ, "ಶೀತ ಅಷ್ಟೇ" ಎಂದಳು.

"ಸೆರಗು ತೆಗಿಯಮ್ಮ, ಮಗೂಗೆ ಗಾಳಿ ಬೇಕು" ಎನ್ನಬೇಕು ಅನ್ನಿಸಿತು. ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿ ಹೋದಳು. ನನ್ನ ಬಸ್ಸೂ ಬಂತು. ನಾನು ಮಾತ್ರ ಏಳಲಿಲ್ಲ. ಆ 'ಶೀತ' ಎಂಬ ಮಾತು ನನ್ನನ್ನು ಪಾಲಿಬೆಟ್ಟದ ಆ ಚಳಿಗಾಲಕ್ಕೆ ಎಳೆದುಕೊಂಡು ಹೋಗಿಬಿಟ್ಟಿತ್ತು.

ಆಗ ಕೊಡಗು ಬೇರೆಯೇ ಒಂದು ರಾಜ್ಯ. ಕುಶಾಲನಗರದ ಸೇತುವೆಯ ಈಚೆ ಕೊಡಗು, ಆಚೆ ಮೈಸೂರು. ಎರಡನ್ನೂ ಸೇರಿಸುತ್ತಾರಂತೆ, ಸೇರಿಸುವುದಿಲ್ಲವಂತೆ ಎಂದು ಗಂಡಸರು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದ ಕಾಲ. ನಾನು ಸೇತುವೆಯ ಆಚೆಯವಳು, ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯವಳು. ಎರಡನೆಯ ಹೆಂಡತಿಯಾಗಿ ಈಚೆಗೆ ಬಂದೆ. ನಮ್ಮವರು ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಗಾಗೆದ್ದು ಆಳುಗಳ ಹಾಜರಿ ಹಿಡಿಯುವುದು, ಸಂಜೆ ಕೊಯ್ದ ಹಣ್ಣನ್ನು ಅಳೆಸಿಕೊಳ್ಳುವುದು ಅವರ ಕೆಲಸ. ಅವರ ಮೊದಲ ಹೆಂಡತಿ ರಾಜಿ ಟೈಫಾಯ್ಡ್ ಬಂದು ತೀರಿಕೊಂಡಿದ್ದಳು. ಅವಳ ಮಗಳು ಕಮಲಿಗೆ ನಾನು ಬಂದಾಗ ಆರು ವರ್ಷವಿರಬೇಕು. ಮನೆಯಲ್ಲಿ ಅತ್ತೆ ಇದ್ದರು, ಮದುವೆಯ ವಯಸ್ಸಿಗೆ ಬಂದಿದ್ದ ನಾದಿನಿ ಲಲಿತೆ ಇದ್ದಳು.

ಮಗು ಇರುವುದನ್ನು ಹೇಳಿಯೇ ಮದುವೆ ಮಾಡಿಕೊಂಡಿದ್ದರು. ಮಗುವಿಗೆ ಏನಿದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮೊದಲ ಮಳೆಗಾಲದಲ್ಲಿ ಕಮಲಿ ರಾತ್ರಿಯೆಲ್ಲ ಗೊರಗುಟ್ಟಿದಾಗ ಅತ್ತೆಯನ್ನು ಕೇಳಿದೆ.

"ಶೀತ ಕಣವ್ವ. ಈ ಊರ ಮಳೆಗೆ ಯಾರಿಗೆ ಶೀತ ಆಗಲ್ಲ?" ಎಂದರು.

ಹಾಗೆಂದವರು ಎದ್ದು ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದರು. ನಮ್ಮ ಮನೆಯೂ ಲಾರಿ ಡ್ರೈವರನ ಮನೆಯೂ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಕೆಳಗಿನ ಇಳಿಜಾರಿನಲ್ಲಿ ಆಳುಗಳ ಲೈನು, ಒಂದಕ್ಕೊಂದು ಅಂಟಿದ ಮನೆಗಳ ಸಾಲು. ಒಂದು ಮನೆಯಲ್ಲಿ ಕೆಮ್ಮಿದರೆ ನಾಲ್ಕು ಮನೆಗೆ ಕೇಳುತ್ತಿತ್ತು.

ದೀಪಾವಳಿ ಕಳೆದು ಹಣ್ಣು ಕೆಂಪಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಕಮಲಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಪ್ರತಿ ಉಸಿರಿಗೂ ಅವಳ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ಅತ್ತೆ ಎದೆಗೆ ಎಣ್ಣೆ ತಿಕ್ಕಿದರು, ದೃಷ್ಟಿ ತೆಗೆದರು. ಕೊನೆಗೆ ನಮ್ಮವರು ಎಸ್ಟೇಟಿನ ಲಾರಿಯಲ್ಲೇ ಅವಳನ್ನು ಪೇಟೆಯ ಆಸ್ಪತ್ರೆಗೆ ಹಾಕಿಕೊಂಡು ಹೋದರು. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದೆ. ದಾರಿಯುದ್ದಕ್ಕೂ ಅವಳು ಒಂದು ಮಾತನ್ನೂ ಆಡಲಿಲ್ಲ. ಮಾತಿಗೆ ಬೇಕಾದಷ್ಟು ಉಸಿರು ಅವಳಲ್ಲಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಮುಖಕ್ಕೆ ರಕ್ತ ಬಂತು. ಅಲ್ಲಿದ್ದ ಲೇಡಿ ಡಾಕ್ಟರು ಮಲಬಾರಿನ ಕಡೆಯವರು. ಗಟ್ಟಿ ದನಿ, ನೆಟ್ಟ ನೋಟ. ಹತ್ತು ಹನ್ನೆರಡು ದಿನ ಇಟ್ಟುಕೊಂಡರು. ಬಿಡುಗಡೆ ಮಾಡುವ ದಿನ ಅತ್ತೆಯೂ ಬಂದಿದ್ದರು.

"ಇದು ಶೀತ ಅಲ್ಲ" ಎಂದರು ಡಾಕ್ಟರು. "ಆಸ್ತಮಾ. ನೀವು ಉಬ್ಬಸ ಅಂತ ಹೇಳ್ತೀರಲ್ಲ, ಅದೇ. ಕುಟುಂಬದಲ್ಲಿ ಬೇರೆ ಯಾರಿಗಾದ್ರೂ ಉಂಟಾ?"

ಅತ್ತೆ ಒಂದು ಗಳಿಗೆಯೂ ತಡ ಮಾಡಲಿಲ್ಲ. "ಇವಳ ಹೆತ್ತವ್ವನ ತವರಲ್ಲಿತ್ತು. ಆ ಕಡೆಯಿಂದ್ಲೇ ಬಂದಿರೋದು. ನಮ್ಮ ವಂಶದಾಗೆ ಯಾರಿಗೂ ಇಲ್ಲ."

ನಮ್ಮವರು ತಲೆ ತಗ್ಗಿಸಿಕೊಂಡು ಹೌದೆನ್ನುವಂತೆ ನಿಂತಿದ್ದರು. ಡಾಕ್ಟರು ನನ್ನ ಕಡೆ ತಿರುಗಿ ಮನೆಯಲ್ಲಿ ಮಾಡಬೇಕಾದ್ದನ್ನು ಹೇಳಿದರು. ಒಲೆಯ ಹೊಗೆ ಸೋಕಬಾರದು. ಗೋಣಿ, ಹಳೇ ಕಂಬಳಿ, ಧೂಳು ಹತ್ತಿರ ಸೇರಿಸಬಾರದು. ಉಸಿರು ಕಟ್ಟಿದಾಗ ಮಲಗಿಸಬಾರದು, ದಿಂಬಿಗೆ ಒರಗಿಸಿ ಕೂರಿಸಬೇಕು. ಕಟ್ಟುವ ಸೂಚನೆ ಕಂಡ ಕೂಡಲೇ ಅರ್ಧ ಎಫೆಡ್ರಿನ್ ಮಾತ್ರೆ ಕೊಡಬೇಕು. ಆಗ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಹೆದರಬಾರದು.

"ಮತ್ತೆ ಕಿಟಕಿ ತೆಗೀಬೇಕು" ಎಂದರು. "ಎಲ್ಲರೂ ಸುತ್ತ ನಿಂತು ಅಳಬೇಡಿ. ಮಗು ಹೆದರಿದ್ರೆ ಎದೆ ಇನ್ನೂ ಕಟ್ಟುತ್ತೆ. ಬಿಸಿ ಕಾಫಿ ಆರಿಸೋ ಹಾಗೆ ನಿಧಾನ ಊದೋದು ಕಲಿಸಿ. ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ಹೇಳಿದ್ದರಲ್ಲಿ ಅತ್ಯಂತ ಸುಲಭದ್ದು ಕಿಟಕಿ ತೆಗೆಯುವುದು ಅಂದುಕೊಂಡಿದ್ದೆ.

ಮನೆಗೆ ಬಂದ ಮರುದಿನ ಹಾಸಿಗೆ ಕಂಬಳಿಗಳನ್ನೆಲ್ಲ ಅಂಗಳದ ಬಿಸಿಲಿಗೆ ಹಾಕಿದೆ. ಕಮಲಿಯ ಹಾಸಿಗೆಯನ್ನು ಅಡುಗೆಮನೆಯ ಪಕ್ಕದಿಂದ ನಡುಮನೆಗೆ ತಂದು, ಅಲ್ಲಿದ್ದ ದೊಡ್ಡ ಕಿಟಕಿ ತೆಗೆದೆ. ತೆಗೆದು ಆಚೆ ಹೋಗಿ ಬರುವಷ್ಟರಲ್ಲಿ ಅದು ಮುಚ್ಚಿತ್ತು. ಮತ್ತೆ ತೆಗೆದೆ. ಅತ್ತೆ ಬಂದು ನನ್ನ ಕಣ್ಣೆದುರಿಗೇ ಅಗುಳಿ ಹಾಕಿದರು.

"ಡಾಕ್ಟರು ಹೇಳವ್ರೆ ಅತ್ತೆ."

"ಡಾಕ್ಟರು ಬಂದು ನಮ್ ಲಲಿತನ ಮದುವೆ ಮಾಡ್ತಾರಾ? ಕಿಟ್ಕಿ ತೆಗುದ್ರೆ ಲೈನಿಗೆಲ್ಲಾ ಕೇಳುತ್ತೆ. ಉಬ್ಬಸ ಅಂತ ಯಾರೂ ಅನ್ನಲ್ಲ, ಕ್ಷಯ ಅಂತಾರೆ. ಕ್ಷಯದ ಮನೆ ಹೆಣ್ಣ ಯಾರು ತಗೋತಾರೆ, ಹೇಳು?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆಗ ಹಾಗೇ ಇತ್ತು. ಕೆಮ್ಮುವವರಿದ್ದ ಮನೆಯಲ್ಲಿ ನೀರು ಕುಡಿಯಲೂ ಜನ ಹಿಂದೆ ಮುಂದೆ ನೋಡುತ್ತಿದ್ದರು.

ಹೀಗೆ ನಾನು ತೆಗೆಯುವುದು, ಅವರು ಮುಚ್ಚುವುದು ನಡೆಯಿತು. ಕೊನೆಗೆ ನಮ್ಮವರೇ ಒಂದು ದಿನ ಊಟಕ್ಕೆ ಕೂತವರು, "ಇರ್ಲಿ ಬಿಡವ್ವ, ತೆಗೀಲಿ" ಎಂದರು. ಅತ್ತೆ ಮತ್ತೆ ಅಗುಳಿ ಮುಟ್ಟಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಆದರೆ ಮಾರ್ಗಶಿರದ ಮಂಜು ಬೆಳಿಗ್ಗೆ ಬಹಳ ಹೊತ್ತಿನವರೆಗೂ ಗಿಡಗಳ ಮೇಲೆ ಕೂತೇ ಇರುತ್ತಿತ್ತು. ಆ ಮಂಜಿನಲ್ಲಿ, ತೆರೆದ ಕಿಟಕಿಯ ಪಕ್ಕ, ಶಾಲು ಹೊದ್ದು ದಿಂಬಿಗೊರಗಿ ಕೂತ ಮಗು ಹಣ್ಣು ಕೊಯ್ಯಲು ಪಿಕ್ಕಿಂಗಿಗೆ ಹೋಗುವವರಿಗೆಲ್ಲ ಕಾಣುತ್ತಿತ್ತು. ಒಂದು ದಿನ ನಲ್ಲಿಯ ಹತ್ತಿರ ಡ್ರೈವರನ ಹೆಂಡತಿ ದೇವಕಿ ನನ್ನನ್ನು ಪಕ್ಕಕ್ಕೆ ಕರೆದಳು. ಅವಳು ಕಣ್ಣೂರಿನ ಕಡೆಯವಳು, ಅವಳ ಕನ್ನಡದಲ್ಲಿ ಅರ್ಧ ಮಲಯಾಳ.

"ಎಂತ ಪದ್ಮಕ್ಕ, ಪಾವಂ, ಪಾಪದ ಮಗು, ಚಳೀಲಿ ಯಾಕೆ ಕೂರ್ಸೋದು? ಲೈನಲ್ಲಿ ಎಲ್ಲ ಒಂಥರಾ ಹೇಳ್ತಾರೆ."

"ಏನಂತಾರೆ?"

ಅವಳು ಕೊಡ ಎತ್ತಿಕೊಂಡಳು. "ಹೆತ್ತ ತಾಯಿ ಆಗಿದ್ರೆ ಹಾಗೆ ಕೂರ್ಸ್ತಿರ್ಲಿಲ್ಲ ಅಂತ."

ಅಂದಿನಿಂದ ಆ ಕಿಟಕಿ ತೆಗೆಯುವಾಗೆಲ್ಲ ನನ್ನ ಕೈ ಹಿಂಜರಿಯುತ್ತಿತ್ತು. ಮುಚ್ಚಿದರೆ ಮಗುವಿನ ಎದೆ ಕಟ್ಟುತ್ತದೆ, ತೆಗೆದರೆ ಮಲತಾಯಿಯೆಂಬ ಹೆಸರು. ಮಗುವಿಗೆ ಇನ್ನೂ ಒಂದು ಶಾಲು ಹೊದಿಸಿ, ದಾರಿಯಲ್ಲಿ ಹೋಗುವವರಿಗೆ ಕೇಳಲಿ ಎಂದು, "ಬೆಚ್ಚಗಿದ್ದೀಯಾ ಕಂದ?" ಎಂದು ಜೋರಾಗಿ ಕೇಳುತ್ತಿದ್ದೆ. ಕಮಲಿ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಅವಳ ಕಿವಿ ಸರಿಯಾಗಿಯೇ ಇತ್ತಲ್ಲ.

ಊದುವುದನ್ನು ಅವಳು ಬೇಗ ಕಲಿತಳು. ಹಾಲಿಲ್ಲದ ಬೆಲ್ಲದ ಕಾಫಿ ಲೋಟಕ್ಕೆ ಹಾಕಿ ಎದುರಿಗೆ ಇಡುತ್ತಿದ್ದೆ. ಡಾಕ್ಟರು ಕಡುಕಾಫಿ ಸ್ವಲ್ಪ ಕೊಡಬಹುದು ಎಂದಿದ್ದರು. ತುಟಿಯನ್ನು ಸಣ್ಣಗೆ ಮಾಡಿ, ಹಬೆ ಅಲುಗುವ ಹಾಗೆ, ಆದರೆ ಕಾಫಿ ತುಳುಕದ ಹಾಗೆ ಊದಬೇಕು. ಇಬ್ಬರೂ ಎದುರುಬದುರು ಕೂತು ಊದುತ್ತಿದ್ದೆವು. ಒಮ್ಮೊಮ್ಮೆ ನಗು ಬಂದು ಅವಳಿಗೆ ಕೆಮ್ಮು ಹತ್ತುತ್ತಿತ್ತು.

ಒಂದು ಮಧ್ಯಾಹ್ನ ಅವಳು ಲೈನಿನ ಮಕ್ಕಳ ಜೊತೆ ಆಡಿ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು.

"ಚಿಕ್ಕಮ್ಮ, ನನ್ ಎದೇಲಿ ಪೀಪಿ ಐತಾ?"

"ಯಾರಂದ್ರು?"

"ಎಲ್ಲಾ ಅಂತಾರೆ. ಪೀಪಿ ಬಂತು ಪೀಪಿ ಬಂತು ಅಂತಾರೆ. ಅದು ಊದದಂಗೆ ಮಾಡಾಕೆ ಆಗಲ್ವಾ?"

ಆಗುತ್ತದೆ, ದೊಡ್ಡವಳಾದಾಗ ನಿಲ್ಲುತ್ತದೆ ಎಂದೆ. ಅಂದಿನಿಂದ ಅವಳು ಆಡಲು ಹೋಗುವುದು ಕಡಿಮೆಯಾಯಿತು. ಯಾರಾದರೂ ಮನೆಗೆ ಬಂದರೆ ತಾನಾಗಿಯೇ ಒಳಗೆ ಹೋಗಿಬಿಡುತ್ತಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಇರಲಿಲ್ಲ.

ಅತ್ತೆ ಒಲೆಯ ಮುಂದೆ ಕೂತು ನಮ್ಮ ಊದುವ ಆಟವನ್ನು ನೋಡುತ್ತಿದ್ದರು. ಅವರು ರಾತ್ರಿ ಮಲಗುತ್ತಿದ್ದದ್ದು ನಾನು ಕಂಡಿಲ್ಲ. ಗೋಡೆಗೊರಗಿ ಕೂತೇ ಇರುತ್ತಿದ್ದರು. "ವಯಸ್ಸಾಯ್ತಲ್ಲವ್ವ, ನಿದ್ದೆ ಬರಲ್ಲ" ಎನ್ನುತ್ತಿದ್ದರು. ಹೊತ್ತಿಲ್ಲದ ಹೊತ್ತಿನಲ್ಲಿ ಕಡುಕಾಫಿ ಕುಡಿಯುತ್ತಿದ್ದರು. ಒಂದು ಸಲ ಕಮಲಿಯನ್ನು ಕೂರಿಸಿ ಊದಿಸುತ್ತಿದ್ದಾಗ ತಿರುಗಿ ನೋಡಿದರೆ, ಅತ್ತೆಯ ತುಟಿಯೂ ಸಣ್ಣಗಾಗಿ ನಿಧಾನವಾಗಿ ಗಾಳಿ ಬಿಡುತ್ತಿತ್ತು. ನಾನು ನೋಡಿದ್ದು ಗೊತ್ತಾದ ಕೂಡಲೇ ಊದುಕೊಳವೆ ತೆಗೆದುಕೊಂಡು ಒಲೆ ಊದತೊಡಗಿದರು. ನಮ್ಮನ್ನು ಅಣಕಿಸುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು.

ಸಂಕ್ರಾಂತಿ ಕಳೆದ ಮೇಲೆ ಲಲಿತೆಯನ್ನು ನೋಡಲು ಹುಣಸೂರು ಕಡೆಯವರು ಬರುತ್ತಾರೆಂದು ಸುದ್ದಿ ಬಂತು. ಹುಡುಗ ಮೇಷ್ಟರು, ಜಮೀನೂ ಇತ್ತು. ಮೊದಲು ಅವನ ತಂದೆತಾಯಿ ನೋಡಿಕೊಂಡು ಹೋಗುವುದು, ಒಪ್ಪಿಗೆಯಾದರೆ ಅವನು ಬರುವುದು. ಲಲಿತೆ ನನ್ನ ಸೀರೆಗಳಲ್ಲಿ ಒಂದನ್ನು ಆರಿಸಿಕೊಂಡು, ಮಡಿಕೆ ಬಿಚ್ಚಿ ನೋಡಿ, ಮತ್ತೆ ಮಡಿಸಿ ಇಡುತ್ತಿದ್ದಳು.

ಕಮಲಿಯನ್ನು ದೇವಕಿಯ ಮನೆಯಲ್ಲಿ ಕೂರಿಸುವುದು ಎಂದು ಅತ್ತೆ ತೀರ್ಮಾನಿಸಿದ್ದರು. ನಾನು ಬೇಡವೆನ್ನಲಿಲ್ಲ. ಒಂದು ಮಧ್ಯಾಹ್ನದ ಮಾತು, ಲಲಿತೆಯ ಬಾಳಿನ ಪ್ರಶ್ನೆ ಎಂದು ನಾನೂ ಅಂದುಕೊಂಡೆ. ಆದರೆ ಆ ದಿನ ಬೆಳಿಗ್ಗೆಯೇ ದೇವಕಿಯ ಊರಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದು ಗಂಡಹೆಂಡಿರು ಹೊರಟುಹೋದರು. ಅವರ ಮನೆಗೆ ಬೀಗ ಬಿತ್ತು. ಬೇರೆ ಯಾರ ಮನೆಗೆ ಬಿಟ್ಟರೂ ಯಾಕೆಂದು ಕೇಳುತ್ತಾರೆ.

ನಡುಮನೆಯ ಪಕ್ಕದಲ್ಲಿ ಸಾಮಾನು ತುಂಬುವ ಒಂದು ಚಿಕ್ಕ ಕೋಣೆಯಿತ್ತು. ಕಿಟಕಿಯಿಲ್ಲ, ನಡುಮನೆಗೆ ತೆರೆಯುವ ಬಾಗಿಲು ಒಂದೇ. ಹಣ್ಣು ಕೊಯ್ಯುವ ಬುಟ್ಟಿಗಳು, ಗೋಣಿಚೀಲಗಳು ಅಲ್ಲಿರುತ್ತಿದ್ದವು. ಗೋಣಿಗಳನ್ನು ಒಂದು ಮೂಲೆಗೆ ಒತ್ತಿ, ನೆಲ ಒರೆಸಿ, ಚಾಪೆ ಹಾಸಿದೆ. ಮುನ್ನೆಚ್ಚರಿಕೆಗೆ ಅರ್ಧ ಮಾತ್ರೆಯನ್ನೂ ಕೊಟ್ಟೆ. ಅವರು ಬರುವ ಹೊತ್ತಿಗೆ ಕಮಲಿಯನ್ನು ಅಲ್ಲಿ ಕೂರಿಸಿ ಹೇಳಿದೆ.

"ಅವ್ರು ಹೋಗೋವರ್ಗೂ ಸದ್ದು ಮಾಡ್ಬೇಡ ಕಂದ."

"ಪೀಪಿ ಊದಲ್ಲ ಚಿಕ್ಕಮ್ಮ" ಎಂದಳು.

ಬಾಗಿಲು ಎಳೆದುಕೊಂಡು ಬಂದೆ.

ಹುಡುಗನ ತಂದೆತಾಯಿ ಬಂದರು. ಒಳ್ಳೆಯ ಜನ. ತಾಯಿ ಬಾಯ್ತುಂಬ ಮಾತಾಡುವ ಹೆಂಗಸು, ನನ್ನ ತವರಿನ ಪಕ್ಕದ ಊರಲ್ಲಿ ಅವರಿಗೆ ನೆಂಟರಿದ್ದರು. ಲಲಿತೆ ತಟ್ಟೆಗಳನ್ನು ತಂದಿಟ್ಟು ನಮಸ್ಕಾರ ಮಾಡಿದಳು. ಅಡುಗೆಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು, ಹೊಗೆ ನಡುಮನೆಗೂ ಬರುತ್ತಿತ್ತು. ದೊಡ್ಡ ಕಿಟಕಿ ಅಂದು ಮುಚ್ಚಿತ್ತು. ಮುಚ್ಚಿದವಳು ನಾನೇ. ಆಳುಗಳು ಇಣುಕಿ ನೋಡುತ್ತಾರೆಂದು ನೆಪ. ಅಭ್ಯಾಸ ಎಷ್ಟು ಬೇಗ ನಮ್ಮದಾಗಿಬಿಡುತ್ತದೆ.

ಕಾಫಿ ತರಲು ಎದ್ದವಳು ಆ ಕೋಣೆಯ ಬಾಗಿಲ ಮುಂದೆ ಹಾದುಹೋದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಸಮಾಧಾನವಾಯಿತು. ಎರಡು ಹೆಜ್ಜೆ ಮುಂದೆ ಹೋದವಳು ಅಲ್ಲೇ ನಿಂತೆ. ಏನೂ ಕೇಳಿಸುತ್ತಿಲ್ಲ ಎಂದರೇನು? ಆ ಮಗುವಿನ ಉಸಿರು ಚೆನ್ನಾಗಿರುವ ದಿನವೂ ಬಾಗಿಲಾಚೆಗೆ ಕೇಳುತ್ತಿತ್ತು.

ಬಾಗಿಲು ತೆಗೆದೆ. ಕಮಲಿ ಗೋಡೆಗೆ ಅಂಟಿಕೊಂಡು ಕೂತಿದ್ದಳು. ಲಂಗದ ಅಂಚನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಕಣ್ಣು ಹೊರಗೆ ಬಂದಂತಿತ್ತು, ತುಟಿಯ ಸುತ್ತ ಆ ನೇರಳೆ. ನನ್ನನ್ನು ಕಂಡು ತಲೆ ಅಲ್ಲಾಡಿಸಿದಳು. ಸದ್ದು ಮಾಡಿಲ್ಲ ಎಂದು ಹೇಳುತ್ತಿದ್ದಳು.

ಬಟ್ಟೆ ಕಿತ್ತು ತೆಗೆದೆ. ಅವಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗೋಣವೆಂದರೆ ಹೊಗೆ ತುಂಬಿದ ಅಡುಗೆಮನೆ ದಾಟಬೇಕು. ನಡುಮನೆಯ ಮೂಲಕವೇ ಓಡಿಬಂದೆ. ಕಟ್ಟಿದ್ದ ಉಸಿರೆಲ್ಲ ಆಗ ಬಿಚ್ಚಿ, ಆ ಸಿಳ್ಳು, ಆ ಗೊರಗೊರ ಮನೆಯೆಲ್ಲ ತುಂಬಿತು. ಹುಡುಗನ ತಾಯಿ ತಟ್ಟೆ ಕೆಳಗಿಟ್ಟು ಎದ್ದರು.

"ಅಯ್ಯೋ, ಮಗೀಗೆ ಏನಾಗೈತೆ?"

"ಶೀತ" ಎಂದೆ. ನನ್ನ ಬಾಯಿಂದ ಬಂದ ಮಾತು ಅದು. ಕೈಯಲ್ಲಿ ಆ ಮಗು ಇದ್ದಾಗಲೂ.

ಅತ್ತೆ ಮೂಲೆಯಲ್ಲಿ ಕೂತಿದ್ದವರು ಎದ್ದರು. ನೇರ ಹೋಗಿ ದೊಡ್ಡ ಕಿಟಕಿಯ ಅಗುಳಿ ಎಳೆದು ಎರಡೂ ಬಾಗಿಲನ್ನು ತಳ್ಳಿದರು. ಬೆಳಕು ಒಳಗೆ ಬಂತು. ನನ್ನ ತೋಳಿನಿಂದ ಕಮಲಿಯನ್ನು ತೆಗೆದುಕೊಂಡು ಕಿಟಕಿಯ ಮುಂದೆ ತಮ್ಮ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡರು.

"ಊದು ಮಗಾ. ನನ್ನಂಗೆ ಊದು. ನೋಡು" ಎಂದು ತುಟಿ ಸಣ್ಣಗೆ ಮಾಡಿ ಊದಿದರು. ಆ ಊದುವಿಕೆಯಲ್ಲಿ ಅವರ ಎದೆಯಿಂದಲೂ ಸಣ್ಣ ಸಿಳ್ಳೊಂದು ಬಂತು. ನಾವೆಲ್ಲ ಕೇಳಿದೆವು.

ಆಮೇಲೆ ಬೀಗರಾಗಬೇಕಾಗಿದ್ದವರ ಕಡೆ ತಿರುಗದೆಯೇ ಹೇಳಿದರು. "ಶೀತ ಅಲ್ಲ. ಉಬ್ಬಸ. ನನ್ನಿಂದ ಬಂದಿರೋದು. ನಂಗೆ ಚಿಕ್ಕಂದಿನಿಂದ ಐತೆ."

ನಮ್ಮವರು ಬಾಗಿಲ ಹತ್ತಿರ ನಿಂತಿದ್ದವರು ಕೇಳಿದರು. "ರಾಜಿ ಕಡೇದು ಅಂದಿದ್ದೆಯಲ್ಲವ್ವ?"

"ಅಂದಿದ್ದೆ."

"ಯಾಕಂದೆ?"

"ಮಗು ಗೊರಗೊರ ಅಂದಾಗ ನೀವೆಲ್ಲ ನನ್ನ ಕಡೆ ನೋಡೋಕೆ ಮುಂಚೆ ಯಾರದಾದ್ರೂ ಅನ್ಬೇಕಿತ್ತು. ಅವಳು ಹೊಸಬಳು. ಅವಳದ್ದು ಅಂದೆ. ಅವಳು ನಂಬಿದ್ಲು." ಕಮಲಿಯ ಬೆನ್ನು ನೀವುತ್ತಲೇ ಇದ್ದರು. "ನಾನು ನಿಮ್ಮಪ್ಪನ ಮನೆಗೆ ಬರೋವಾಗ ನಮ್ಮವ್ವ ಹೇಳಿ ಕಳಿಸಿದ್ಲು, ಗೊತ್ತಾದ್ರೆ ಬಿಟ್ಟುಬಿಡ್ತಾರೆ, ಬಾಯ್ ಮುಚ್ಕೊಂಡು ಉಸಿರಾಡು ಅಂತ. ಹಂಗೇ ಮಾಡ್ದೆ. ಈ ಕೂಸೂ ಇವತ್ತು ಹಂಗೇ ಮಾಡೈತೆ."

ಹುಡುಗನ ತಾಯಿ ಹತ್ತಿರ ಬಂದು ಕಮಲಿಯ ಹಣೆ ಮುಟ್ಟಿ, "ಬಿಸಿನೀರು ಕುಡ್ಸಿ" ಎಂದರು. ತಂದೆ ಮಾತ್ರ ಕೊಡೆ ಕೈಗೆ ತೆಗೆದುಕೊಂಡು ಬಸ್ಸಿಗೆ ಹೊತ್ತಾಯಿತು ಎಂದರು. ಕಾಫಿ ಒಲೆಯ ಮೇಲೇ ಉಳಿಯಿತು. ಮತ್ತೆ ಆ ಕಡೆಯಿಂದ ಸುದ್ದಿ ಬರಲಿಲ್ಲ.

ಕಮಲಿ ಆ ಸಂಜೆಯ ಹೊತ್ತಿಗೆ ಸುಧಾರಿಸಿದಳು, ಆಸ್ಪತ್ರೆಗೆ ಒಯ್ಯಬೇಕಾಗಲಿಲ್ಲ. ಆದರೆ ನನ್ನ ಮುಖ ನೋಡುವಾಗೆಲ್ಲ ತಾನೇನೋ ತಪ್ಪು ಮಾಡಿದವಳಂತೆ ಕಣ್ಣು ತಗ್ಗಿಸುತ್ತಿದ್ದಳು. ಕೊನೆಗೆ ಕೇಳಿದಳು. "ನಾನು ಸದ್ದು ಮಾಡಿದ್ದಕ್ಕೆ ಲಲಿತತ್ತೆ ಮದುವೆ ಆಗಲ್ವಾ?" ನಿನ್ನಿಂದ ಏನೂ ಆಗಲಿಲ್ಲ ಎಂದೆ. ಹೇಳಿದ ಮೇಲೂ ಅವಳು ನಂಬಿದಳೋ ಇಲ್ಲವೋ.

ನಮ್ಮವರು ತಾಯಿಯ ಜೊತೆ ಎಷ್ಟೋ ದಿನ ಮಾತು ಬಿಟ್ಟರು. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಮಗುವಿಗೆ ಉಸಿರು ಕಟ್ಟಿದ ಪ್ರತಿ ಸಲವೂ ಅವರು ರಾಜಿಗೆ, "ನಿಮ್ಮ ಮನೆಯವರ ಬಳುವಳಿ" ಎಂದು ಹೇಳುತ್ತಿದ್ದರಂತೆ. ಬಿಟ್ಟಂಗಾಲದಲ್ಲಿದ್ದ ಅವಳ ತವರಿನವರನ್ನು ಮನೆಗೆ ಸೇರಿಸುವುದನ್ನು ಬಿಟ್ಟದ್ದೂ ಅದೇ ಕಾರಣಕ್ಕೆ. ಇದನ್ನು ನನಗೆ ಹೇಳುವಾಗ ಅವರು ಅಂಗಳದಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದರು. ಮಣ್ಣು ಹೋದ ಮೇಲೂ ಕೆರೆಯುತ್ತಲೇ ಇದ್ದರು. ಮುಂದಿನ ವಾರ ಎಸ್ಟೇಟಿನ ಬಡಗಿಯನ್ನು ಕರೆತಂದು ಅಡುಗೆಮನೆಯ ಹೆಂಚಿನ ಮಾಡಿನಲ್ಲಿ ಹೊಗೆ ಹೋಗಲು ಕಿಂಡಿ ಮಾಡಿಸಿದರು.

ಲಲಿತೆ ನನ್ನ ಸೀರೆಯನ್ನು ಮಡಿಸಿ ತಂದುಕೊಟ್ಟಳು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಾನಾಗಿಯೇ ಅಂದಳು. "ಅತ್ತಿಗೆ, ಮಂಜು ಬಿದ್ದಾಗ ಒಂದೊಂದ್ಸಲ ನಂಗೂ ಎದೆ ಹಿಡಿದಂಗಾಗುತ್ತೆ. ಅವ್ವನಿಗೆ ಹೇಳಿಲ್ಲ." ಮೂರ್ನಾಡಿನ ಅಂಗಡಿಯವರ ಮನೆಯಿಂದ ಸಂಬಂಧ ಬಂದಾಗ ಅವಳೇ ಹಟ ಹಿಡಿದು ಅದನ್ನು ಹೇಳಿಸಿದಳು. ಅವರು ಒಪ್ಪಿದ್ದು ಆಮೇಲಿನ ಮಾತು.

ಫಾಲ್ಗುಣದಲ್ಲಿ ಮೊದಲ ಮಳೆ ಬಿದ್ದು ಕಾಫಿ ಹೂವಾದಾಗ ಅತ್ತೆ ಒಂದು ಬೆಳಿಗ್ಗೆ ಒಗೆದ ಸೀರೆ ಉಟ್ಟು ನಿಂತರು. "ಬಿಟ್ಟಂಗಾಲಕ್ಕೆ ಹೋಗ್ಬೇಕು. ಕೂಸನ್ನ ಕರ್ಕೊಂಡು ನೀನೂ ಬಾ" ಎಂದರು.

ವಿರಾಜಪೇಟೆಗೆ ಬಸ್ಸು, ಅಲ್ಲಿಂದ ಇನ್ನೊಂದು. ಇಳಿದ ಮೇಲೆ ಏರುದಾರಿಯಲ್ಲಿ ನಡೆಯಬೇಕಿತ್ತು. ಅತ್ತೆ ನಾಲ್ಕು ಕಡೆ ನಿಂತು ಸುಧಾರಿಸಿಕೊಂಡರು. ರಾಜಿಯ ತಾಯಿ ತಾಯಮ್ಮ ಅಂಗಳದಲ್ಲಿ ಭತ್ತ ಹರಡುತ್ತಿದ್ದರು. ನಮ್ಮನ್ನು ಕಂಡು ನೆಟ್ಟಗೆ ನಿಂತರು, ಬನ್ನಿ ಎನ್ನಲಿಲ್ಲ. ಅವರ ಕಣ್ಣು ಕಮಲಿಯ ಮೇಲೆಯೇ ಇತ್ತು. ರಾಜಿ ಸತ್ತ ಮೇಲೆ ಅವರು ಮೊಮ್ಮಗಳನ್ನು ನೋಡಿರಲಿಲ್ಲ.

ಅತ್ತೆ ಅಂಗಳದ ಅಂಚಿನಲ್ಲೇ ನಿಂತು ಎಲ್ಲ ಹೇಳಿದರು. ಅಳಲಿಲ್ಲ, ಏನನ್ನೂ ಮೆತ್ತಗೆ ಮಾಡಲಿಲ್ಲ. ತಾಯಮ್ಮ ಕೈಯಲ್ಲಿದ್ದ ಭತ್ತವನ್ನು ಕೆಳಗೆ ಬಿಡದೆ ಕೇಳಿಸಿಕೊಂಡರು.

"ಸಾಯೋವಾಗ್ಲೂ ಅವಳು ತನ್ನದೇ ಅಂದ್ಕೊಂಡಿದ್ಲಾ?" ಎಂದರು.

"ಹೂಂ."

"ಕೊನೇ ಸಲ ಇಲ್ಲಿಗೆ ಬಂದಾಗ ನನ್ ಮೇಲೆ ಕೂಗಾಡಿ ಹೋದ್ಲು. ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ ನನ್ ಮಗೂಗೆ ಈ ಗತಿ ಬಂತು ಅಂತ. ನಮ್ಮಲ್ಲಿ ಯಾರಿಗೂ ಇಲ್ಲ ಅಂದ್ರೆ ನಂಬಲಿಲ್ಲ. ಮುಚ್ಚಿಡ್ತೀಯ ಅಂದ್ಲು. ಆಮೇಲೆ ಬರ್ಲೇ ಇಲ್ಲ."

ಏರು ಹತ್ತಿದ ಆಯಾಸಕ್ಕೆ ಅತ್ತೆಯ ಎದೆ ಸಿಳ್ಳು ಹೊಡೆಯುತ್ತಿತ್ತು. ಅದನ್ನು ಅಡಗಿಸುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. ತಾಯಮ್ಮ ಆ ಸದ್ದನ್ನು ಕಿವಿಗೊಟ್ಟು ಕೇಳುತ್ತಾ ನಿಂತರು, ನಿಜವೋ ಸುಳ್ಳೋ ನೋಡುವವರಂತೆ. ಆಮೇಲೆ ಜಗಲಿಯತ್ತ ಕೈ ತೋರಿ, "ಕೂತ್ಕೊಳ್ಳಿ" ಎಂದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಕಮಲಿ ಭತ್ತದ ಮೇಲೆ ಕೂರಲು ಬಂದ ಗುಬ್ಬಿಗಳನ್ನು ಓಡಿಸುತ್ತಿದ್ದಳು.

ಹೊರಡುವ ಹೊತ್ತಿಗೆ ತಾಯಮ್ಮ ಮುಖ ತೊಳೆದುಕೊಂಡು ಬಂದರು. ಕಮಲಿಯ ಕೈ ಹಿಡಿದು ರಸ್ತೆಯವರೆಗೂ ಇಳಿದು ಬಂದರು, ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನನಗೆ ಹೇಳಿದರು.

"ಬರ್ತಾ ಇರವ್ವ, ಕೂಸನ್ನ ಕರ್ಕೊಂಡು. ನೀನೊಬ್ಬಳೇ ಬಾ."

ಅತ್ತೆ ಪಕ್ಕದಲ್ಲೇ ನಿಂತಿದ್ದರು. ಬಸ್ಸು ಹತ್ತಿದೆವು. ಕಮಲಿ ಕಿಟಕಿಯ ಹತ್ತಿರ ಕೂತು ಅಜ್ಜಿ ಮರೆಯಾಗುವವರೆಗೂ ಕೈ ಬೀಸಿದಳು. ವಿರಾಜಪೇಟೆ ಹತ್ತಿರ ಬಂದಾಗ ಅತ್ತೆ ನನ್ನ ಕಡೆ ತಿರುಗಿದರು.

"ಸರಿಯಾಗೇ ಹೇಳಿದ್ಲು" ಎಂದರು. "ತಿಂಗಳಿಗೊಂದ್ಸಲ ಹೋಗಿ ಬಾ. ನಾನು ಮನೆ ನೋಡ್ಕೋತೀನಿ."